ಎರಡು ‘ಹೊಸ ಅಲೆ’ಗಳು: ಯುದ್ಧಾನಂತರದ ಫ್ರೆಂಚ್ ಚಿತ್ರರಂಗ ಮತ್ತು ಕನ್ನಡ

ಅಂಕಲಗಿ: ಕನ್ನಡದ ಪತ್ರಿಕೆಗಳಲ್ಲಿ ‘ಹೊಸ ಅಲೆ’ ಎಂಬ ಮಾತು ಬಳಕೆಗೆ ಬಂದು ಅರ್ಧ ಶತಮಾನಕ್ಕೂ ಮಿಕ್ಕಿದೆ. ‘ಸಂಸ್ಕಾರ’ (1970) ತೆರೆಕಂಡ ನಂತರ ಬಂದ ಗಂಭೀರ ಚಿತ್ರಗಳನ್ನೆಲ್ಲ ಈ ಹೆಸರಿನಿಂದಲೇ ಕರೆಯುವುದು ರೂಢಿ. ಆದರೆ ಈ ಹೆಸರು ನಮ್ಮದಲ್ಲ, ಫ್ರಾನ್ಸಿನದು. ಪತ್ರಕರ್ತೆ ಫ್ರಾಂಸ್ವಾಸ್ ಜಿರೂ ಅವರು 1957ರಲ್ಲಿ ‘ಲೆಕ್ಸ್‌ಪ್ರೆಸ್’ ವಾರಪತ್ರಿಕೆಯಲ್ಲಿ ಯುದ್ಧದ ನಂತರ ಬೆಳೆದ ತರುಣ ಪೀಳಿಗೆಯ ಬಗ್ಗೆ ಬರೆಯುವಾಗ ‘ನುವೆಲ್ ವಾಗ್’ ಎಂಬ ಪದವನ್ನು ಬಳಸಿದರು. ಅದರ ಅರ್ಥವೇ ‘ಹೊಸ ಅಲೆ’. ಮೊದಲು ಅದಕ್ಕೂ ಸಿನಿಮಾಕ್ಕೂ ಸಂಬಂಧವಿರಲಿಲ್ಲ. ಎರಡು ವರ್ಷಗಳಲ್ಲಿ ಅದು ಚಿತ್ರರಂಗಕ್ಕೆ ಅಂಟಿಕೊಂಡಿತು, ಅಲ್ಲಿಂದ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂತು.

ಹೆಸರು ಒಂದೇ ಆದರೂ ಎರಡು ಅಲೆಗಳು ಎದ್ದ ದಡಗಳು ಬೇರೆ. ಫ್ರಾನ್ಸಿನ ತರುಣರು ಸಾಹಿತ್ಯಕೃತಿಗಳನ್ನಾಧರಿಸಿದ ಅಚ್ಚುಕಟ್ಟಾದ ಚಿತ್ರಗಳ ವಿರುದ್ಧ ಬಂಡೆದ್ದರು. ಕನ್ನಡದಲ್ಲಿ ಸಾಹಿತ್ಯವೇ ಅಲೆಯನ್ನೆಬ್ಬಿಸಿತು. ಇದಕ್ಕೆ ಉತ್ತಮ ನಿದರ್ಶನ ಬೆಂಗಳೂರಿನಲ್ಲಷ್ಟೇ ಅಲ್ಲ, ಬೆಳಗಾವಿ ಜಿಲ್ಲೆಯ ಗೋಕಾಕ-ಹುಕ್ಕೇರಿ ಸೀಮೆಯಲ್ಲೂ ಸಿಗುತ್ತದೆ. ಅದನ್ನು ನೋಡುವ ಮೊದಲು ಫ್ರಾನ್ಸಿನ ಕಥೆಯನ್ನು ತಿಳಿಯುವುದು ಅಗತ್ಯ.

ಯುದ್ಧದ ಬೂದಿಯಿಂದ

1940ರಿಂದ 1944ರವರೆಗೆ ಪ್ಯಾರಿಸ್ ಜರ್ಮನರ ವಶದಲ್ಲಿತ್ತು. ಆ ಅವಧಿಯಲ್ಲೂ ಚಿತ್ರನಿರ್ಮಾಣ ನಿಲ್ಲಲಿಲ್ಲ. ಮಾರ್ಸೆಲ್ ಕಾರ್ನೆ ‘ಚಿಲ್ಡ್ರನ್ ಆಫ್ ಪ್ಯಾರಡೈಸ್’ ಚಿತ್ರವನ್ನು ಆಕ್ರಮಣದ ನಡುವೆಯೇ ಚಿತ್ರೀಕರಿಸಿ 1945ರಲ್ಲಿ ತೆರೆಗೆ ತಂದರು. ಅದರ ನಾಯಕಿ ಆರ್ಲೆತಿ, ಜರ್ಮನ್ ಅಧಿಕಾರಿಯೊಬ್ಬನೊಂದಿಗಿನ ಪ್ರೇಮಸಂಬಂಧದ ಕಾರಣಕ್ಕೆ ವಿಮೋಚನೆಯ ನಂತರ ಬಂಧನಕ್ಕೊಳಗಾದರು. ಜರ್ಮನರ ಒಡೆತನದ ‘ಕಾಂಟಿನೆಂಟಲ್’ ಸಂಸ್ಥೆಗಾಗಿ ‘ಲ ಕೊರ್ಬೊ’ (1943) ನಿರ್ದೇಶಿಸಿದ್ದ ಹೆನ್ರಿ-ಜಾರ್ಜ್ ಕ್ಲೂಜೊ ಅವರಿಗೆ 1947ರವರೆಗೆ ಚಿತ್ರ ಮಾಡಲು ಅವಕಾಶವಿರಲಿಲ್ಲ. ಇದೇ ಕ್ಲೂಜೊ 1953ರಲ್ಲಿ ‘ವೇಜಸ್ ಆಫ್ ಫಿಯರ್’ ಚಿತ್ರದ ಮೂಲಕ ಕಾನ್ ಉತ್ಸವದ ಪರಮೋಚ್ಚ ಪ್ರಶಸ್ತಿ ಗೆದ್ದರು. ನೈಟ್ರೋಗ್ಲಿಸರಿನ್ ತುಂಬಿದ ಲಾರಿಗಳನ್ನು ಕೆಟ್ಟ ರಸ್ತೆಯಲ್ಲಿ ಓಡಿಸುವ ಆ ಚಿತ್ರವನ್ನು ಇಂದಿಗೂ ಉಸಿರು ಬಿಗಿಹಿಡಿದೇ ನೋಡಬೇಕು.

ವಿಮೋಚನೆಯಾದೊಡನೆ, ಆಕ್ರಮಣದ ಕಾಲದಲ್ಲಿ ಬರಲಾಗದಿದ್ದ ಅಮೆರಿಕದ ಚಿತ್ರಗಳು ಒಮ್ಮೆಲೇ ನುಗ್ಗಿದವು. ಸಾಲದ ಬೆನ್ನಿಗೆ ಬಂದ 1946ರ ಬ್ಲುಮ್-ಬರ್ನ್ಸ್ ಒಪ್ಪಂದದ ಪ್ರಕಾರ ಫ್ರಾನ್ಸಿನ ಚಿತ್ರಮಂದಿರಗಳಲ್ಲಿ ಪ್ರತಿ 13 ವಾರಗಳಲ್ಲಿ 4 ವಾರ ಮಾತ್ರ ಸ್ವದೇಶಿ ಚಿತ್ರಗಳಿಗೆ ಮೀಸಲಾಯಿತು. ಕಲಾವಿದರೂ ತಂತ್ರಜ್ಞರೂ ಬೀದಿಗಿಳಿದ ಮೇಲೆ 1948ರಲ್ಲಿ ಅದು 5 ವಾರಕ್ಕೇರಿತು. ಪರಭಾಷಾ ಚಿತ್ರಗಳ ಹಾವಳಿ, ಡಬ್ಬಿಂಗ್ ವಿವಾದ, ಚಿತ್ರಮಂದಿರ ಸಿಗದ ಕೊರಗು ಇವೆಲ್ಲ ಕನ್ನಡದ್ದು ಮಾತ್ರವೆಂದು ತಿಳಿದವರಿಗೆ ಈ ಪ್ರಸಂಗ ಪರಿಚಿತವೆನಿಸೀತು. ಫ್ರೆಂಚ್ ಸರ್ಕಾರ 1946ರಲ್ಲಿ ರಾಷ್ಟ್ರೀಯ ಸಿನಿಮಾ ಕೇಂದ್ರವನ್ನು ಸ್ಥಾಪಿಸಿತು. 1948ರಿಂದ ಟಿಕೆಟಿನ ಮೇಲಿನ ತೆರಿಗೆಯ ಹಣವನ್ನೇ ಚಿತ್ರೋದ್ಯಮಕ್ಕೆ ಮರಳಿಸುವ ಏರ್ಪಾಡಾಯಿತು. ಅಂದರೆ ಹಾಲಿವುಡ್ ಚಿತ್ರ ನೋಡಲು ಕೊಟ್ಟ ದುಡ್ಡಿನ ಒಂದು ಪಾಲು ಫ್ರೆಂಚ್ ಚಿತ್ರದ ಬೇರಿಗೆ ನೀರಾಗುತ್ತಿತ್ತು.

ಆ ಕಾಲದ ತಾರೆಯರಲ್ಲಿ ಜಾಂ ಗಾಬಾಂ (1904-1976) ಅಗ್ರಗಣ್ಯರು. ಆಕ್ರಮಣ ಕಾಲದಲ್ಲಿ ಹಾಲಿವುಡ್‌ಗೆ ಹೋದ ಅವರು ಅಲ್ಲಿಯೇ ಉಳಿಯದೆ ಸ್ವತಂತ್ರ ಫ್ರೆಂಚ್ ಪಡೆ ಸೇರಿ ಟ್ಯಾಂಕ್ ದಳದಲ್ಲಿ ಹೋರಾಡಿದರು. ಮರಳಿದಾಗ ಕೂದಲು ನರೆತಿತ್ತು, ಪ್ರೇಕ್ಷಕರು ಮರೆತಿದ್ದರು. 1954ರ ‘ತುಶೆ ಪಾ ಓ ಗ್ರಿಸ್ಬಿ’ ಚಿತ್ರದಲ್ಲಿ ವಯಸ್ಸಾದ ದರೋಡೆಕೋರನ ಪಾತ್ರ ಅವರಿಗೆ ಮರುಜನ್ಮ ನೀಡಿತು. ರಂಗಭೂಮಿಯಿಂದ ಬಂದ ಸುಂದರಾಂಗ ಜೆರಾರ್ ಫಿಲಿಪ್ ‘ಫಾನ್‌ಫಾನ್ ಲಾ ತ್ಯುಲಿಪ್’ (1952) ಮೂಲಕ ಮನೆಮಾತಾಗಿ, 1959ರಲ್ಲಿ ಕೇವಲ 36ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿಮೋನ್ ಸಿನ್ಯೊರೆ ಬ್ರಿಟಿಷ್ ಚಿತ್ರ ‘ರೂಮ್ ಅಟ್ ದಿ ಟಾಪ್’ಗಾಗಿ 1960ರಲ್ಲಿ ಆಸ್ಕರ್ ಪಡೆದರು.

ವಿಮರ್ಶಕರ ಬಂಡಾಯ

ಐವತ್ತರ ದಶಕದ ಫ್ರೆಂಚ್ ಚಿತ್ರಗಳಿಗೆ ‘ಗುಣಮಟ್ಟದ ಪರಂಪರೆ’ ಎಂಬ ಬಿರುದಿತ್ತು. ಹೆಸರಾಂತ ಕಾದಂಬರಿ, ನುರಿತ ಚಿತ್ರಕಥೆಗಾರರು, ಸ್ಟುಡಿಯೊದಲ್ಲಿ ಕಟ್ಟಿದ ವೈಭವದ ಸೆಟ್ಟು, ಖ್ಯಾತ ನಟರು, ಇವು ಅದರ ಲಕ್ಷಣ. 1954ರ ಜನವರಿಯಲ್ಲಿ ‘ಕಾಯೆ ದು ಸಿನೆಮಾ’ ಪತ್ರಿಕೆಯಲ್ಲಿ 21 ವರ್ಷದ ಹುಡುಗನೊಬ್ಬ ಇದರ ಮೇಲೆ ಹರಿಹಾಯ್ದ. ಅವನೇ ಫ್ರಾಂಸ್ವಾ ತ್ರುಫೋ. ಚಿತ್ರಕಥೆಗಾರರಾದ ಜಾಂ ಒರಾಂಶ್ ಮತ್ತು ಪಿಯರ್ ಬೊಸ್ತ್ ಅವರ ಚಿತ್ರಗಳು ಬರಹಗಾರರ ಚಿತ್ರಗಳೇ ಹೊರತು ನಿರ್ದೇಶಕರ ಚಿತ್ರಗಳಲ್ಲ ಎಂಬುದು ಆತನ ವಾದದ ಸಾರ. ಕೃತಿಕಾರ ನಿರ್ದೇಶಕನೇ ಆಗಬೇಕು ಎಂಬ ನಿಲುವು ಮುಂದೆ ಜಗತ್ತಿನಾದ್ಯಂತ ಚರ್ಚೆಗೆ ಕಾರಣವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ತ್ರುಫೋ ಕಾದಂಬರಿಯ ವಿರೋಧಿಯಾಗಿರಲಿಲ್ಲ. ಬರ್ನಾನೋಸ್‌ರ ಕಾದಂಬರಿಯನ್ನು ಆಧರಿಸಿ ರಾಬರ್ಟ್ ಬ್ರೆಸಾನ್ ತೆಗೆದ ‘ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್’ (1951) ಆತನ ಮೆಚ್ಚಿನ ಚಿತ್ರ. ಅದೇ ಕಾದಂಬರಿಗೆ ಒರಾಂಶ್-ಬೊಸ್ತ್ ಹಿಂದೆ ಬರೆದಿದ್ದ ಚಿತ್ರಕಥೆಯೊಂದಿಗೆ ಹೋಲಿಸಿಯೇ ಆತ ವಾದ ಹೂಡಿದ್ದು. ಬ್ರೆಸಾನ್ ವೃತ್ತಿನಟರನ್ನು ಕ್ರಮೇಣ ಪೂರ್ತಿ ಕೈಬಿಟ್ಟು, ಹಿಂದೆ ಎಂದೂ ನಟಿಸದವರಿಂದ ಭಾವಾವೇಶವಿಲ್ಲದ ಮಾತು-ಚಲನೆ ಪಡೆದರು. ಕಥೆ ಎಲ್ಲಿಂದ ಬಂತೆಂಬುದಕ್ಕಿಂತ ಕ್ಯಾಮೆರಾ ಅದನ್ನು ಹೇಗೆ ಕಂಡಿತೆಂಬುದು ಮುಖ್ಯ ಎಂಬುದೇ ಬಂಡಾಯಗಾರರ ತಿರುಳು. ಕನ್ನಡದ ಸಂದರ್ಭದಲ್ಲಿ ಈ ಮಾತು ಮತ್ತೆ ನೆನಪಾಗಬೇಕು.

‘ಕಾಯೆ’ ಸ್ಥಾಪಕರಲ್ಲೊಬ್ಬರಾದ ವಿಮರ್ಶಕ ಆಂದ್ರೆ ಬಜಾಂ ಈ ಹುಡುಗರ ಗುರು. ಅನಾಥನಂತೆ ಅಲೆಯುತ್ತಿದ್ದ ತ್ರುಫೋಗೆ ಅವರೇ ಆಸರೆ. 1958ರ ನವೆಂಬರ್‌ನಲ್ಲಿ ತ್ರುಫೋ ತಮ್ಮ ಮೊದಲ ಕಥಾಚಿತ್ರದ ಚಿತ್ರೀಕರಣ ಆರಂಭಿಸಿದ ಬೆನ್ನಿಗೇ ಬಜಾಂ ನಿಧನರಾದರು. ‘ಫೋರ್ ಹಂಡ್ರೆಡ್ ಬ್ಲೋಸ್’ ಎಂಬ ಆ ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ. 14 ವರ್ಷದ ಜಾಂ-ಪಿಯರ್ ಲೆಯೊ ಅದರ ನಾಯಕ. 1958ರಲ್ಲಿ ಕಟುವಿಮರ್ಶೆಗಾಗಿ ಕಾನ್ ಉತ್ಸವದಿಂದ ಹೊರಗಿಡಲ್ಪಟ್ಟಿದ್ದ ತ್ರುಫೋ 1959ರಲ್ಲಿ ಅಲ್ಲಿಯೇ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು.

ಕ್ಲೋದ್ ಶಬ್ರೋಲ್ ಪತ್ನಿಗೆ ಬಂದ ಪಿತ್ರಾರ್ಜಿತದ ಹಣದಿಂದ ‘ಲ ಬೊ ಸೆರ್ಜ್’ (1958) ಚಿತ್ರವನ್ನು ತಾವು ಬಾಲ್ಯ ಕಳೆದ ಹಳ್ಳಿಯಲ್ಲೇ ತೆಗೆದರು. ಜಾಂ-ಲ್ಯುಕ್ ಗೊದಾರ್‌ರ ‘ಬ್ರೆತ್‌ಲೆಸ್’ (1960) ಚಿತ್ರಕ್ಕೆ ಇಂಡೋಚೀನಾ ಯುದ್ಧದ ಛಾಯಾಗ್ರಾಹಕರಾಗಿದ್ದ ರಾವುಲ್ ಕುತಾರ್ ಕ್ಯಾಮೆರಾ ಹಿಡಿದರು. ಹಳಿ ಹಾಸಲು ದುಡ್ಡಿಲ್ಲದ್ದರಿಂದ ಅವರನ್ನು ರೋಗಿಗಳ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಲಾಯಿತು. ಚಿತ್ರ ಉದ್ದವಾದಾಗ ದೃಶ್ಯಗಳನ್ನೇ ತೆಗೆದುಹಾಕುವ ಬದಲು ಶಾಟುಗಳ ನಡುವಿನಿಂದಲೇ ಕತ್ತರಿಸಿದರು. ಆ ಜಿಗಿತವೇ ಹೊಸ ವ್ಯಾಕರಣವಾಯಿತು. ಅದರ ನಾಯಕ ಜಾಂ-ಪೋಲ್ ಬೆಲ್ಮೊಂಡೊ ಮುಂದೆ ಸಾಹಸಚಿತ್ರಗಳ ಜನಪ್ರಿಯ ತಾರೆಯಾದರು (ನಿಧನ 2021). ಗೊದಾರ್ 2022ರಲ್ಲಿ ತೀರಿಕೊಂಡರು. ಈ ಗುಂಪಿಗಿಂತ ಮುಂಚೆಯೇ, 1955ರಲ್ಲಿ, ಮೀನುಗಾರರ ಕೇರಿಯೊಂದರಲ್ಲಿ ‘ಲಾ ಪ್ವಾಂತ್ ಕೂರ್ತ್’ ತೆಗೆದವರು ಆನ್ಯೆಸ್ ವರ್ದಾ. ಮಹಿಳೆಯೆಂಬ ಕಾರಣಕ್ಕೋ ಏನೋ, ಅವರ ಹೆಸರು ಪಟ್ಟಿಯ ಕೊನೆಗೆ ಬರುವುದು ಬಹುಕಾಲದ ರೂಢಿಯಾಗಿತ್ತು.

ಕನ್ನಡದ ದಾರಿ

ಕನ್ನಡದಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ಮುನ್ಸೂಚನೆ ನೀಡಿತ್ತು. ಆದರೂ ತಿರುವು ಬಂದದ್ದು ‘ಸಂಸ್ಕಾರ’ದಿಂದ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ, ಪಟ್ಟಾಭಿರಾಮ ರೆಡ್ಡಿ ಅವರ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಛಾಯಾಗ್ರಹಣ. ಕಾರ್ನಾಡ್, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ಮುಖ್ಯ ಪಾತ್ರಗಳಲ್ಲಿದ್ದರು. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದ ಈ ಚಿತ್ರವೇ 1970ರ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಸೇರಿದ ಸ್ನೇಹಲತಾ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅಸುನೀಗಿದರು.

ನಂತರ ಬಂದವುಗಳನ್ನು ನೋಡಿ: ಭೈರಪ್ಪನವರ ‘ವಂಶವೃಕ್ಷ’ (1971), ಕೃಷ್ಣ ಆಲನಹಳ್ಳಿಯವರ ‘ಕಾಡು’ (1973), ಶಿವರಾಮ ಕಾರಂತರ ‘ಚೋಮನ ದುಡಿ’ (1975), ಲಂಕೇಶರು ತಮ್ಮದೇ ‘ಬಿರುಕು’ ಕಾದಂಬರಿಯಿಂದ ಮಾಡಿದ ‘ಪಲ್ಲವಿ’ (1976), ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ ತೆಗೆದ ‘ಘಟಶ್ರಾದ್ಧ’ (1977). ಎಲ್ಲಕ್ಕೂ ಬೇರು ಸಾಹಿತ್ಯದಲ್ಲಿ. ಪ್ಯಾರಿಸ್ಸಿನ ಹುಡುಗರು ಚಿತ್ರಮಂದಿರದ ಕತ್ತಲೆಯಲ್ಲಿ ಕಲಿತರೆ, ನಮ್ಮವರಲ್ಲಿ ಹೆಚ್ಚಿನವರು ನವ್ಯ ಸಾಹಿತ್ಯದ ಚರ್ಚೆಯಲ್ಲಿ, ನಾಟಕದ ತಾಲೀಮಿನಲ್ಲಿ ಕಲಿತರು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದಿದ ಕಾಸರವಳ್ಳಿ ಇದಕ್ಕೆ ಅಪವಾದ. ‘ಘಟಶ್ರಾದ್ಧ’ದಲ್ಲಿ ಹುಡುಗನ ಕಣ್ಣೇ ಕ್ಯಾಮೆರಾ ಆಗುವ ರೀತಿಯನ್ನು ಕಂಡಾಗ, ತ್ರುಫೋ ಕೇಳಿದ್ದು ಇದನ್ನೇ ಅಲ್ಲವೇ ಎನ್ನಿಸುತ್ತದೆ. ಉಳಿದ ಕೆಲವು ಚಿತ್ರಗಳಲ್ಲಿ ಕಾದಂಬರಿಯ ಗೌರವ ಸಿನಿಮಾವನ್ನು ಕಟ್ಟಿಹಾಕಿದೆ ಎಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು.

ನಟರ ವಿಷಯದಲ್ಲಿ ಎರಡೂ ಅಲೆಗಳು ಹತ್ತಿರವಾಗುತ್ತವೆ. ‘ಚೋಮನ ದುಡಿ’ಯ ವಾಸುದೇವ ರಾವ್, ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ತಾರಾಪಟ್ಟವಿಲ್ಲದೆಯೇ ರಾಷ್ಟ್ರಪ್ರಶಸ್ತಿ ಪಡೆದವರು. ‘ವಂಶವೃಕ್ಷ’ದಲ್ಲಿ ಸಣ್ಣ ಪಾತ್ರದಿಂದ ಬಂದ ವಿಷ್ಣುವರ್ಧನ್, ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದಿಂದ ಬಂದ ಶಂಕರ್ ನಾಗ್ ಇಬ್ಬರೂ ಬೆಲ್ಮೊಂಡೊನಂತೆಯೇ ಜನಪ್ರಿಯ ಚಿತ್ರಗಳ ನಾಯಕರಾದರು.

ಗೋಕಾಕ ಸೀಮೆಯ ಇಬ್ಬರು

ಚಿತ್ರರಂಗದವರಿಗೆ ‘ಗೋಕಾಕ’ ಎಂದೊಡನೆ ರಾಜ್‌ಕುಮಾರ್ ಮುನ್ನಡೆಸಿದ 1982ರ ಭಾಷಾ ಚಳವಳಿ ನೆನಪಾಗುತ್ತದೆ. ಅದು ವಿ.ಕೃ. ಗೋಕಾಕರ ವರದಿಯ ಹೆಸರು, ಊರಿನದಲ್ಲ. ಊರಿಗೆ ಸಿನಿಮಾದೊಂದಿಗೆ ಬೇರೆಯೇ ನಂಟಿದೆ. ಗೋಕಾಕದಲ್ಲಿ ನೆಲೆಸಿ ಬರೆದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕೃತಿಗಳಿಂದ ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’ (1963), ‘ಸನಾದಿ ಅಪ್ಪಣ್ಣ’ (1977) ಚಿತ್ರಗಳು ಬಂದವು. ಮೂರರಲ್ಲೂ ರಾಜ್‌ಕುಮಾರ್ ನಾಯಕರು. ಕೊನೆಯದಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು. ಜನಪ್ರಿಯ ಕಾದಂಬರಿ, ಕೌಟುಂಬಿಕ ಕಥೆ, ಮೆಚ್ಚಿನ ತಾರೆ: ತ್ರುಫೋ ಹರಿಹಾಯ್ದ ‘ಗುಣಮಟ್ಟದ ಪರಂಪರೆ’ಗೆ ಕನ್ನಡದಲ್ಲಿ ಹತ್ತಿರದ್ದು ಇದೇ. ಆದರೆ ಈ ಚಿತ್ರಗಳನ್ನು ಹಗುರವಾಗಿ ಕಾಣುವಂತಿಲ್ಲ. ಏಕೀಕರಣದವರೆಗೆ ಮುಂಬಯಿ ಆಡಳಿತದಲ್ಲಿದ್ದು, ಮರಾಠಿ-ಹಿಂದಿ ಚಿತ್ರಗಳ ನೆರಳಿನಲ್ಲಿದ್ದ ಭಾಗದ ಲೇಖಕರೊಬ್ಬರ ಕಥೆಗಳು ಇಡೀ ರಾಜ್ಯದ ಮನೆಮಾತಾದದ್ದು ಸಣ್ಣ ಸಂಗತಿಯಲ್ಲ.

ಎರಡನೆಯವರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು. 2010ರ ಸಾಲಿನ ಜ್ಞಾನಪೀಠ ಪುರಸ್ಕೃತರನ್ನು ಕವಿ-ನಾಟಕಕಾರರೆಂದೇ ಎಲ್ಲರೂ ಬಲ್ಲರು. ಅವರು ಚಿತ್ರನಿರ್ದೇಶಕರೂ ಹೌದೆಂಬುದು ಅನೇಕರಿಗೆ ತಿಳಿಯದು. ‘ಕರಿಮಾಯಿ’, ‘ಕಾಡುಕುದುರೆ’, ‘ಸಂಗೀತ’ ಅವರ ಚಿತ್ರಗಳು. ‘ಕಾಡುಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ದೊರೆಯಿತು. ಕಥೆ, ಹಾಡು, ನಿರ್ದೇಶನ ಒಬ್ಬರದೇ ಆದಾಗ ನಿರ್ದೇಶಕನೇ ಕೃತಿಕಾರ ಎಂಬ ಮಾತಿಗೆ ವಾದವೇ ಬೇಕಾಗುವುದಿಲ್ಲ.

ಕಂಬಾರರ ಬೇರು ಪ್ಯಾರಿಸ್ಸಿನಲ್ಲೂ ಇಲ್ಲ, ಪುಣೆಯಲ್ಲೂ ಇಲ್ಲ. ಬಯಲಾಟ ಮತ್ತು ಶ್ರೀಕೃಷ್ಣ ಪಾರಿಜಾತದ ಸೀಮೆ ಇದು. ಪಾರಿಜಾತದ ಕುಲಗೋಡ ತಮ್ಮಣ್ಣನ ಕುಲಗೋಡ, ಕಲಾವಿದೆ ನಿಂಗಮ್ಮನ ಕೌಜಲಗಿ ಇಲ್ಲಿಯೇ ಇವೆ. ಹೊಸ ಅಲೆಯ ಹೆಸರಾಂತ ಚಿತ್ರಗಳಲ್ಲಿ ಹೆಚ್ಚಿನವು ಮಲೆನಾಡು, ಕರಾವಳಿ, ಹಳೆ ಮೈಸೂರಿನ ಬದುಕನ್ನು ಕುರಿತವು. ಉತ್ತರ ಕರ್ನಾಟಕದ ಆಡುಮಾತು ಜನಪ್ರಿಯ ಚಿತ್ರಗಳಲ್ಲಿ ಬಹುಕಾಲ ಹಾಸ್ಯನಟನ ಪಾಲಾಗಿತ್ತು. ಕಂಬಾರರ ಲೋಕದಲ್ಲಿ ಅದೇ ಮಾತು ಗೌಡನಿಗೂ ದೇವಿಗೂ ಸಲ್ಲುತ್ತದೆ. ಅವರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಟಿ.ಎಸ್. ನಾಗಾಭರಣ ನಂತರ ‘ಸಿಂಗಾರೆವ್ವ’ ಹೆಸರಿನಲ್ಲಿ ತೆರೆಗೆ ತಂದರು.

ಉಳಿಸುವ ಪ್ರಶ್ನೆ

ಫ್ರಾನ್ಸಿನ ಅಲೆಗೆ ನಿಜವಾದ ಶಾಲೆ ಹೆನ್ರಿ ಲಾಂಗ್ಲುವಾ ಮತ್ತು ಗೆಳೆಯರು 1936ರಲ್ಲಿ ಕಟ್ಟಿದ ಸಿನಿಮಾ ಸಂಗ್ರಹಾಲಯ. ಹಳೆಯ ಚಿತ್ರಗಳನ್ನು ಅಲ್ಲಿ ದಿನವೂ ನೋಡಿಯೇ ಆ ಹುಡುಗರು ನಿರ್ದೇಶಕರಾದದ್ದು. 1968ರ ಫೆಬ್ರುವರಿಯಲ್ಲಿ ಸರ್ಕಾರ ಲಾಂಗ್ಲುವಾರನ್ನು ತೆಗೆದಾಗ ತ್ರುಫೋ, ಗೊದಾರ್ ಬೀದಿಗಿಳಿದರು. ಏಪ್ರಿಲ್‌ನಲ್ಲಿ ಅವರನ್ನು ಮರಳಿ ಕೂರಿಸಬೇಕಾಯಿತು.

ಇತ್ತ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ, ಕರ್ನಾಟಕ ಚಲನಚಿತ್ರ ಅಕಾಡೆಮಿ ಬಂದದ್ದು 2009ರಲ್ಲಿ. ‘ಘಟಶ್ರಾದ್ಧ’ದ ಅದೃಷ್ಟ ದೊಡ್ಡದು. ಮಾರ್ಟಿನ್ ಸ್ಕೋರ್ಸೆಸೆ ಅವರ ಫಿಲ್ಮ್ ಫೌಂಡೇಶನ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಪುನರುಜ್ಜೀವನಗೊಳಿಸಿದ ಅದರ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಅದೇ ವರ್ಷ, ತ್ರುಫೋ ಗೆದ್ದ ಕಾನ್ ಉತ್ಸವದಲ್ಲೇ, ಪುಣೆ ಸಂಸ್ಥೆಯ ವಿದ್ಯಾರ್ಥಿ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ ವಿದ್ಯಾರ್ಥಿಚಿತ್ರಗಳ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜ ಕದ್ದೊಯ್ದ ಮೇಲೆ ಬೆಳಕೇ ಹರಿಯದ ಹಳ್ಳಿಯ ಜನಪದ ಕಥೆ ಅದು.