ಹುಂಡಿಯಿಂದ ಎಲ್.ಸಿ.ಯವರೆಗೆ: ಓದಲಾಗದ ಕಾಗದದ ಚರಿತ್ರೆ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೊರಡುವ ಹೆದ್ದಾರಿ ಹಡಪಸರವನ್ನು ಹಾಯ್ದು ಹೋಗುತ್ತದೆ. ವಿಜಯಪುರ, ಕಲಬುರಗಿ ಸೀಮೆಯ ಕನ್ನಡಿಗರು ದುಡಿಮೆಯನ್ನರಸಿ ಪುಣೆಗೆ ಬರುವ ದಾರಿಯೂ ಇದೇ. 1802ರ ಅಕ್ಟೋಬರ್ 25ರಂದು ಯಶವಂತರಾವ್ ಹೋಳ್ಕರನು ಪೇಶ್ವೆ ಮತ್ತು ಸಿಂಧಿಯರ ಕೂಡುಸೇನೆಯನ್ನು ಇಲ್ಲಿ ಸೋಲಿಸಿದನು. ಎರಡನೆಯ ಬಾಜೀರಾಯನು ಪಲಾಯನ ಮಾಡಿ, ಆ ವರ್ಷದ ಕೊನೆಯ ದಿನ ವಸಾಯಿಯಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡನು. ಮರುವರ್ಷ ಆರ್ಥರ್ ವೆಲ್ಲೆಸ್ಲಿಯು ತುಂಗಭದ್ರೆಯ ದಂಡೆಯ ಹರಿಹರದಿಂದ ಸೇನೆ ಕಟ್ಟಿಕೊಂಡು ಪುಣೆಗೆ ನಡೆದನು. ಚರಿತ್ರೆಯ ಪುಸ್ತಕಗಳು ಹಡಪಸರವನ್ನು ಇಷ್ಟಕ್ಕೇ ಬಿಟ್ಟುಬಿಡುತ್ತವೆ. ನಾವು ಕೇಳಬಯಸುವ ಪ್ರಶ್ನೆ ಬೇರೆ: ರಾಜ್ಯಗಳು ಹೀಗೆ ಕೈ ಬದಲಿಸುತ್ತಿದ್ದಾಗ ದೂರದೂರದ ವರ್ತಕರ ಕೊಡುಕೊಳ್ಳುವಿಕೆ ಯಾವ ಕಾನೂನಿನ ಮೇಲೆ ನಿಂತಿತ್ತು?

ಅದು ನಿಂತದ್ದು ಹುಂಡಿಯ ಮೇಲೆ. ಹುಂಡಿ ಎಂದೊಡನೆ ಇಂದು ದೇವಸ್ಥಾನದ ಕಾಣಿಕೆ ಪೆಟ್ಟಿಗೆ ನೆನಪಾಗುತ್ತದೆ. ವರ್ತಕರ ಹುಂಡಿಯಾದರೋ, ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಒಂದೂರಿನ ಸಾಹುಕಾರನು ಇನ್ನೊಂದೂರಿನ ಸಾಹುಕಾರನಿಗೆ ಬರೆಯುವ ಚೀಟಿ. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ; ಗೊತ್ತಾದ ಅವಧಿಯ ಮೇಲೆ ಕೊಡಬೇಕಾದದ್ದು ಮುದ್ದತಿ; ಪೇಟೆಯಲ್ಲಿ ಮರ್ಯಾದಸ್ಥನೆನಿಸಿದ ವರ್ತಕನ ಕೈಗೆ ಮಾತ್ರ ಸಲ್ಲುವುದು ಶಾಜೋಗ್. ಹುಂಡಿ ಕಳೆದರೆ ಪೇಠ್ ಎಂಬ ಪ್ರತಿ, ಅದೂ ಕಳೆದರೆ ಪರಪೇಠ್. ಎಲ್ಲಕ್ಕಿಂತ ಕುತೂಹಲದ್ದು ಜೋಖ್ಮಿ ಹುಂಡಿ: ಸರಕು ಸುರಕ್ಷಿತವಾಗಿ ದಡ ಸೇರಿದರೆ ಮಾತ್ರ ಹಣ, ಮುಳುಗಿದರೆ ಇಲ್ಲ. ಸಾಲವೂ ವಿಮೆಯೂ ಒಂದೇ ಚೀಟಿಯಲ್ಲಿ ಅಡಗಿದ್ದವು. ಇವುಗಳ ನಿಯಮಗಳನ್ನು ಯಾವ ಅರಸನೂ ಶಾಸನವಾಗಿ ಹೊರಡಿಸಿರಲಿಲ್ಲ. ಪೇಟೆಯ ವಾಡಿಕೆಯೇ ಕೈಪಿಡಿ. ಅದು ವರ್ತಕರ ಆಡುಮಾತಿನಲ್ಲಿತ್ತು.

ಅಪಾಯಕ್ಕೆ ಬೆಲೆ ಕಟ್ಟುವ ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯು, ಕಾಡುದಾರಿಯ ವ್ಯಾಪಾರಿಗೆ ತಿಂಗಳಿಗೆ ನೂರಕ್ಕೆ 10, ಕಡಲ ವ್ಯಾಪಾರಿಗೆ ನೂರಕ್ಕೆ 20 ಬಡ್ಡಿಯನ್ನು ಹೇಳುತ್ತದೆ. ವ್ಯಾಜ್ಯ ತೀರಿಸಲು ಅದು ಕುಲ, ಶ್ರೇಣಿ, ಪೂಗ, ರಾಜನು ನೇಮಿಸಿದ ಅಧಿಕಾರಿಗಳು ಎಂದು ಮೆಟ್ಟಿಲುಗಳನ್ನು ಕಟ್ಟುತ್ತದೆ. ಒಂದೇ ಕಸುಬಿನವರ ಕೂಟವಾದ ಶ್ರೇಣಿಯ ತೀರ್ಪಿಗೂ ಅಲ್ಲಿ ಮನ್ನಣೆಯಿದೆ. 1819ರಲ್ಲಿ ಪೇಶ್ವೆಯಿಂದ ಗೆದ್ದ ಸೀಮೆಗಳ ಬಗ್ಗೆ ವರದಿ ಬರೆದ ಎಲ್ಫಿನ್‌ಸ್ಟನ್ನನೂ ಪಂಚಾಯತಿಯನ್ನೇ ಇಲ್ಲಿನ ನ್ಯಾಯದ ಮುಖ್ಯ ಸಾಧನವೆಂದು ಕಂಡನು. ಅದರ ವಿಳಂಬ, ಪಕ್ಷಪಾತಗಳನ್ನು ಅರಿತಿದ್ದರೂ ಅದನ್ನು ಕಿತ್ತುಹಾಕಲು ಅವನು ಬಯಸಲಿಲ್ಲ.

ಆದರೆ ಈ ವಾಡಿಕೆಯ ಲೋಕವನ್ನು ನಾವು ಹೊಗಳಿ ಕೂರುವಂತಿಲ್ಲ. ಅದು ಸಮಾನರ ನಡುವಿನ ನ್ಯಾಯ. ಹುಂಡಿ ಬರೆದವನೂ ಪಡೆದವನೂ ಓದಬಲ್ಲವರು. ಸಾಲಪತ್ರದ ಕೆಳಗೆ ಗುರುತು ಹಾಕುತ್ತಿದ್ದ ರೈತನ ಗತಿ ಬೇರೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ತಮ್ಮನ್ನು ಕಟ್ಟಿಹಾಕಿದ್ದು ಕಾಗದವೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅದರಲ್ಲಿ ಏನು ಬರೆದಿದೆಯೆಂಬುದು ಮಾತ್ರ ತಿಳಿದಿರಲಿಲ್ಲ. 1879ರ ದಖನ್ ರೈತರ ಪರಿಹಾರ ಕಾಯಿದೆಯು ಪುಣೆ, ಸಾತಾರಾ, ಅಹ್ಮದ್‌ನಗರ ಮತ್ತು ಕನ್ನಡದ ನೆರೆಯಾದ ಸೊಲ್ಲಾಪುರಗಳಲ್ಲಿ ಸಂಧಾನಕಾರರನ್ನು ನೇಮಿಸಿ, ರೈತರ ಪತ್ರಗಳನ್ನು ಗ್ರಾಮ ನೋಂದಣಿದಾರರ ಮೇಲ್ವಿಚಾರಣೆಯಲ್ಲಿ ಬರೆಸುವಂತೆ ಮಾಡಿತು.

ಎರಡು ವರ್ಷದ ತರುವಾಯ ಬಂದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ತನ್ನ ಮೊದಲ ಕಲಮಿನಲ್ಲೇ ಒಂದು ರಿಯಾಯಿತಿ ನೀಡಿತು. ಪೌರಸ್ತ್ಯ ಭಾಷೆಯಲ್ಲಿ ಬರೆದ ಪತ್ರಗಳ ಸ್ಥಳೀಯ ವಾಡಿಕೆಗೆ ಈ ಕಾಯಿದೆ ಬಾಧಕವಲ್ಲ. ಕಾಯಿದೆಯೇ ಅನ್ವಯಿಸಲಿ ಎಂದು ಪತ್ರದಲ್ಲೇ ಸೂಚಿಸಿದ್ದರೆ ಮಾತು ಬೇರೆ. ಹುಂಡಿ ಯಾವ ಭಾಷೆಯಲ್ಲಿದೆಯೋ ಆ ಭಾಷೆಯವರ ನಡಾವಳಿಯೇ ಅದರ ಕಾನೂನು ಎಂಬ ದೊಡ್ಡ ಮಾತು ಈ ಪುಟ್ಟ ವಾಕ್ಯದಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ವಾಡಿಕೆಯ ಪೇಟೆ ಜಗತ್ತಿನಷ್ಟು ಅಗಲವಾಯಿತು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1923ರಲ್ಲಿ ಮಧ್ಯಸ್ಥಿಕೆ ನ್ಯಾಯಾಲಯವನ್ನು ತೆರೆಯಿತು. 1933ರಲ್ಲಿ ಲೆಟರ್ ಆಫ್ ಕ್ರೆಡಿಟ್ಟಿನ ಏಕರೂಪ ನಿಯಮಗಳನ್ನು ಹೊರತಂದಿತು. 2007ರ ಜುಲೈ 1ರಿಂದ ನಡೆಯುತ್ತಿರುವ ಯು.ಸಿ.ಪಿ. 600ರಲ್ಲಿ 39 ಕಲಮುಗಳಿವೆ. ಇದೂ ಸರಕಾರದ ಶಾಸನವಲ್ಲ, ವರ್ತಕರ ಮತ್ತು ಬ್ಯಾಂಕುಗಳ ಒಪ್ಪಿತ ನಡಾವಳಿ. ಆದರೆ ಜೋಖ್ಮಿ ಹುಂಡಿ ಸರಕನ್ನು ನೋಡುತ್ತಿತ್ತು, ಎಲ್.ಸಿ. ಕಾಗದವನ್ನು ಮಾತ್ರ ನೋಡುತ್ತದೆ. ಕಾಗದ ಪತ್ರಗಳು ಸರಿಯಿದ್ದರೆ ಬ್ಯಾಂಕು ಹಣ ಕೊಡಲೇಬೇಕು.

ಇದರ ಬಿಸಿ ಮದರಾಸಿನ ತಾರಾಪೂರ್ ಕಂಪನಿಗೆ ತಟ್ಟಿತು. ಫರಕ್ಕಾ ಬ್ಯಾರೇಜಿನ ಕಾಲುವೆಗಾಗಿ ಸೋವಿಯತ್ ಸಂಸ್ಥೆಯಿಂದ ತರಿಸಿದ ಮಣ್ಣೆತ್ತುವ ಯಂತ್ರಗಳು ಸರಿಯಿಲ್ಲವೆಂದು ಅದು ಹಣ ತಡೆಯಲು ಹೊರಟಾಗ, ಸುಪ್ರೀಂ ಕೋರ್ಟು ಎಲ್.ಸಿ.ಗೆ ಅಡ್ಡಬರಲು ಒಪ್ಪಲಿಲ್ಲ. ಅದೇ ಒಪ್ಪಂದದಲ್ಲಿದ್ದ ಮಾಸ್ಕೋ ಮಧ್ಯಸ್ಥಿಕೆಯ ಷರತ್ತು ಇನ್ನೊಂದು ವ್ಯಾಜ್ಯವಾಯಿತು. ಅಲ್ಲಿ ಕೋರ್ಟು ಇಲ್ಲಿನ ದಾವೆಯನ್ನು ತಡೆಯಲಿಲ್ಲ; 1973ರಲ್ಲಿ ಸಂಸತ್ತು ವಿದೇಶೀ ತೀರ್ಪುಗಳ ಕಾಯಿದೆಯನ್ನೇ ತಿದ್ದಬೇಕಾಯಿತು. ಇಂದು 1996ರ ಮಧ್ಯಸ್ಥಿಕೆ ಕಾಯಿದೆಯಡಿ, ಹೊರದೇಶದಲ್ಲಿ ವಿಚಾರಣೆಯೆಂದು ಸಹಿ ಹಾಕಿದವನು ಸಾಮಾನ್ಯವಾಗಿ ಅಲ್ಲಿಗೇ ಹೋಗಬೇಕು.

ಹಡಪಸರ ಈಗ ಕೈಗಾರಿಕೆಗಳ ಊರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರಿನ ಮನೆತನದ ಕಾರ್ಖಾನೆಯೂ ಅಲ್ಲಿದೆ. ದೊಡ್ಡ ಕಂಪನಿಗಳಿಗೆ ವಕೀಲರಿದ್ದಾರೆ. ಆದರೆ ಬ್ಯಾಡಗಿಯ ಮೆಣಸಿನಕಾಯಿಯನ್ನೋ ವಿಜಯಪುರದ ದ್ರಾಕ್ಷಿಯನ್ನೋ ಮೊದಲ ಬಾರಿ ಹೊರದೇಶಕ್ಕೆ ಕಳಿಸುವ ಸಣ್ಣ ವರ್ತಕನ ಮುಂದೆ ಬರುವ ಕಾಗದ ಇಂಗ್ಲಿಷಿನದು. ಅದನ್ನು ಬಿಡಿಸಿ ಹೇಳುವ ಕೈಪಿಡಿಗಳೂ ಬಹುಮಟ್ಟಿಗೆ ಇಂಗ್ಲಿಷಿನವೇ. ಕಾನೂನಿನ ಕೈಪಿಡಿ ಸಾಹಿತ್ಯವಲ್ಲ, ನಿಜ. ಮಿತಾಕ್ಷರೆಯೂ ತನ್ನ ಕಾಲದ ಒಂದು ಕೈಪಿಡಿಯೇ ಆಗಿತ್ತು, ಮತ್ತು ಅದು ಹುಟ್ಟಿದ್ದು ಕನ್ನಡ ನೆಲದಲ್ಲಿ. ಸುಪೆಯಲ್ಲಿ ಸುಟ್ಟ ಕಾಗದಗಳಿಂದ ನಾವು ಕಲಿಯುವ ಪಾಠವೊಂದಿದ್ದರೆ ಅದು ಇದು: ಸಹಿ ಮಾಡುವವನ ಭಾಷೆಯಲ್ಲಿ ಕಾಗದವನ್ನು ವಿವರಿಸುವುದು ದಯೆಯಲ್ಲ, ನ್ಯಾಯದ ಮೊದಲ ಮೆಟ್ಟಿಲು. ಆ ಕೆಲಸಕ್ಕೆ ಕನ್ನಡ ಬಲ್ಲ ಕಾನೂನು ಪಂಡಿತರು ಕೈಹಾಕಬೇಕಾಗಿದೆ.