ಬಿರುಗಡಲಿನ ತೈಲಚಿತ್ರ

ಬಿರುಗಾಳಿಗೆ ಸಿಕ್ಕ ಕಡಲು 17ನೆಯ ಶತಮಾನದ ಹಾಲೆಂಡಿನಲ್ಲಿ ತೈಲಚಿತ್ರದ ಸ್ವತಂತ್ರ ವಸ್ತುವಾಯಿತು. ಹಡಗು ವ್ಯಾಪಾರವನ್ನೇ ನೆಚ್ಚಿದ್ದ ನಾಡು ಅದು. ಕಲಾವಿದ ಬಿರುಗಾಳಿಯನ್ನು ಕಣ್ಣಾರೆ ಕಂಡೇ ಬರೆದಿರಬೇಕೆಂಬ ನಿರೀಕ್ಷೆ ಈ ಪ್ರಕಾರದ ಜೊತೆಗೇ ಬೆಳೆಯಿತು. ಚಿತ್ರಕಾರ ಲುಡಾಲ್ಫ್ ಬಾಕ್‌ಹೌಸೆನ್ ಬಿರುಗಾಳಿಯಲ್ಲಿ ದೋಣಿ ಹತ್ತಿ ಹೊರಡುತ್ತಿದ್ದನೆಂದು ಕಲಾವಿದರ ಜೀವನಚರಿತ್ರೆಕಾರ ಹೌಬ್ರಾಕೆನ್ ಬರೆದಿಟ್ಟ. ಫ್ರಾನ್ಸಿನ ಜೋಸೆಫ್ ವರ್ನೆ ಹಾಯಿಕಂಬಕ್ಕೆ ಕಟ್ಟಿಸಿಕೊಂಡು ಅಲೆಗಳನ್ನು ಅಭ್ಯಾಸ ಮಾಡಿದನೆಂಬ ಕಥೆಯನ್ನು ಮೊಮ್ಮಗ ಒರಾಸ್ ವರ್ನೆ 1822ರಲ್ಲಿ ಚಿತ್ರವಾಗಿಸಿದ. ಇಪ್ಪತ್ತು ವರ್ಷಗಳ ಬಳಿಕ, ಹಿಮಗಾಳಿಗೆ ಸಿಕ್ಕ ಉಗಿಹಡಗಿನ ಚಿತ್ರ ಬರೆದ ಇಂಗ್ಲೆಂಡಿನ ಟರ್ನರ್ ತಾನೂ ಹಾಗೆಯೇ ಕಟ್ಟಿಸಿಕೊಂಡಿದ್ದೆನೆಂದು ಹೇಳಿಕೊಂಡ. ಆಗ ಅವನಿಗೆ ಅರವತ್ತೇಳರ ಆಸುಪಾಸು. ಒಂದೇ ಕಥೆ ಹಡಗಿನಿಂದ ಹಡಗಿಗೆ ದಾಟಿ ಬಂದಿರುವುದೇ ಅನುಮಾನಕ್ಕೆ ಸಾಕಷ್ಟು ಕಾರಣ. ಬಿರುಗಡಲಿನ ಚಿತ್ರ ಮೂಲತಃ ನೆನಪಿನ ಕಲೆ, ಚಿತ್ರಶಾಲೆಯಲ್ಲಿ ಕಟ್ಟಿದ ಕಲೆ.

ಇದಕ್ಕೆ ದಂತಕಥೆಗಿಂತ ಗಟ್ಟಿಯಾದ ಸಾಕ್ಷಿ ಸಂಬಳದ ಆದೇಶದಲ್ಲಿದೆ. ಹಾಲೆಂಡಿನಿಂದ ಲಂಡನ್ನಿಗೆ ಬಂದ ಚಿತ್ರಕಾರ ವಿಲೆಮ್ ವಾನ್ ಡ ವೆಲ್ಡ ಮತ್ತು ಅದೇ ಹೆಸರಿನ ಅವನ ಮಗ ಇಬ್ಬರಿಗೂ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 1674ರಲ್ಲಿ ತಲಾ 100 ಪೌಂಡ್ ವರ್ಷಾಶನ ಗೊತ್ತುಮಾಡಿದ: ಕಡಲ ಕಾಳಗಗಳ ರೇಖಾಚಿತ್ರ ಬರೆಯುವುದು ತಂದೆಯ ಕೆಲಸ, ಅದಕ್ಕೆ ಬಣ್ಣ ತುಂಬುವುದು ಮಗನದು. ಅದು ಕಾಳಗದ ಮಾತಾಯಿತು, ಬಿರುಗಾಳಿಯದಲ್ಲ ಎನ್ನಬಹುದು. ಆದರೆ ನೋಡುವುದೂ ಬಣ್ಣ ಹಚ್ಚುವುದೂ ಬೇರೆ ಬೇರೆ ಕೆಲಸಗಳೆಂದು ಅರಮನೆಯೇ ಒಪ್ಪಿತ್ತು. ಎಣ್ಣೆಬಣ್ಣದ ಗುಣವೂ ಇದನ್ನೇ ಬೇಡುತ್ತದೆ. ಅದು ಒಣಗಲು ದಿನಗಳು ಬೇಕು. ಹಸಿಯಿರುವಾಗಲೇ ಮೋಡದ ಅಂಚನ್ನು ಆಕಾಶದಲ್ಲಿ ಕರಗಿಸಬಹುದು. ಒಣಗಿದ ಮೇಲೆ ತೆಳು ಪಾರದರ್ಶಕ ಲೇಪಗಳನ್ನು ಒಂದರ ಮೇಲೊಂದು ಹಚ್ಚಿದರೆ ಅಲೆಯ ನೆತ್ತಿಯೊಳಗಿಂದ ಬೆಳಕು ಹಾದುಬಂದಂತೆ ಕಾಣುತ್ತದೆ. ದಪ್ಪ ಬಿಳಿ ಕೊನೆಯಲ್ಲಿ ನೊರೆಯಾಗುತ್ತದೆ. ಇಷ್ಟು ತಾಳ್ಮೆಯನ್ನು ಬಿರುಗಾಳಿ ಯಾರಿಗೂ ಕೊಡುವುದಿಲ್ಲ. ಕಪ್ಪುಸಮುದ್ರದ ದಂಡೆಯ ಫಿಯೊಡೋಸಿಯದಲ್ಲಿ ಹುಟ್ಟಿ ಬೆಳೆದ ಚಿತ್ರಕಾರ ಐವಜೋವ್‌ಸ್ಕಿ ಇದನ್ನು ಮುಚ್ಚಿಡಲಿಲ್ಲ: ಮಿಂಚು, ಗಾಳಿಯ ಹೊಡೆತ, ಅಲೆಯ ಸಿಡಿತ ಎದುರಿಗಿಟ್ಟು ಬರೆಯುವಂಥವಲ್ಲ ಎಂಬುದು ಅವನ ನಿಲುವು. ಮೂರು ಮೀಟರಿಗೂ ಅಗಲವಾದ 'ಒಂಬತ್ತನೆಯ ಅಲೆ' (1850) ನೆನಪಿನಿಂದಲೇ ಮೂಡಿತು.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಯ ಉದಾಹರಣೆ ಈ ವಾದಕ್ಕೆ ನಿಜವಾದ ಅಡ್ಡಿ. 1886ರಲ್ಲಿ ಅವನು ಬೆಲ್ಈಲ್ ದ್ವೀಪದ ಬಂಡೆಗಳ ಮೇಲೆ ಗಾಳಿಮಳೆಯಲ್ಲೇ ಚಿತ್ರ ಬರೆದ. ಆದರೆ ಹವೆ ಬದಲಾದಂತೆ ಕ್ಯಾನ್ವಾಸನ್ನೂ ಬದಲಿಸಬೇಕಾಯಿತು, ಮನೆಗೆ ಮರಳಿ ತಿದ್ದಬೇಕಾಯಿತು. ಆ ಚಿತ್ರಗಳಲ್ಲಿ ಹಡಗಿಲ್ಲ, ಮುಳುಗುವ ಮನುಷ್ಯರಿಲ್ಲ. ಎದುರು ನಿಂತು ಬರೆದಾಗ ಬಣ್ಣ ಉಳಿಯಿತು, ನಾಟಕ ಹೊರಟುಹೋಯಿತು. ಫ್ರಾನ್ಸಿನವನೇ ಆದ ಚಿತ್ರಕಾರ ಕೂರ್ಬೆ ಇನ್ನೂ ಜಾಣ: 1869ರಲ್ಲಿ ಎಟ್ರೆಟಾದ ಕಡಲಂಚಿನ ಮನೆಯೊಳಗೆ ನಿಂತು, ಕಿಟಕಿಯಾಚೆಯ ಅಬ್ಬರ ನೋಡುತ್ತ, ಚಾಕುವಿನಿಂದ ಬಿಳಿ ಬಣ್ಣ ಮೆತ್ತಿದ.