ತುಂಗೆಯ ಪಟ್ಟೆ ಮೀನು ಗಾಜಿನ ತೊಟ್ಟಿ ಸೇರಿದ ಕತೆ

ಎರಡು ವರ್ಷದ ಹಿಂದಿನ ಮಾತು. ಅಕ್ಕನ ಮಗನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿದ್ದೆ. ಬಣ್ಣದ ಮೀನಿನ ಅಂಗಡಿ ಕಂಡಿದ್ದೇ ತಡ, ಹುಡುಗ ಅಲ್ಲಿಂದ ಅಲುಗಲಿಲ್ಲ. ತೊಟ್ಟಿಯ ತಳದಲ್ಲಿ ಬೆರಳುದ್ದದ ಐದಾರು ಮೀನು ಓಡಾಡುತ್ತಿದ್ದವು. ಮೈತುಂಬ ಹಳದಿ-ಕಂದು ಪಟ್ಟೆ, ಬಾಯಿಯ ಸುತ್ತ ಚಿಕ್ಕ ಚಿಕ್ಕ ಮೀಸೆ. ‘ಜೀಬ್ರಾ ಲೋಚ್ ಸಾರ್, ಫಾರಿನ್ ಮೀನು’ ಅಂದರು ಅಂಗಡಿಯವರು. ಎರಡು ಕೊಂಡುಕೊಂಡೆವು.

ಹದಿನೈದು ದಿನದೊಳಗೆ ಎರಡೂ ಸತ್ತವು. ಯಾಕೆ ಸತ್ತವು ಅಂತ ಹುಡುಕಲು ಹೊರಟವನಿಗೆ ಬೇರೆಯದೇ ಸಂಗತಿ ಸಿಕ್ಕಿತು. ಅದು ಫಾರಿನ್ ಮೀನೇ ಅಲ್ಲ. ಶಿವಮೊಗ್ಗದ ಪಕ್ಕದಲ್ಲೇ ಹರಿಯುವ ನಮ್ಮ ತುಂಗೆಯ ಮೀನು.

ಲೋಚ್ ಅಂದರೆ ಒಂದೇ ಮೀನಲ್ಲ, ದೊಡ್ಡ ಬಳಗ. ಏಷ್ಯಾ ಮತ್ತು ಯುರೋಪಿನ ಹೊಳೆ, ಕೆರೆ, ಗದ್ದೆಗಳಲ್ಲಿ ಇದರ ನೂರಾರು ಜಾತಿಗಳಿವೆ. ಹೆಚ್ಚಿನವು ತಳದಲ್ಲೇ ಇದ್ದು, ಮೀಸೆಯಿಂದ ಮರಳು ತಡಕಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಯುರೋಪಿನಲ್ಲಿ ಅಕ್ವೇರಿಯಂ ಅನ್ನುವ ಪದ ಹುಟ್ಟುವ ಮೊದಲೇ ಜನ ಒಂದು ಜಾತಿಯ ಲೋಚನ್ನು ಗಾಜಿನ ಜಾಡಿಯಲ್ಲಿ ಸಾಕುತ್ತಿದ್ದರು. ಚೆಂದಕ್ಕಲ್ಲ, ಮಳೆ ತಿಳಿಯಲು. ಗುಡುಗು-ಮಳೆ ಬರುವ ಮುಂಚೆ ಆ ಮೀನು ಜಾಡಿಯಲ್ಲಿ ಮೇಲೆ ಕೆಳಗೆ ಒದ್ದಾಡುತ್ತದೆ ಅನ್ನುವುದು ಅವರ ಲೆಕ್ಕ. ನಮ್ಮಲ್ಲಿ ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಅನ್ನುವುದಿಲ್ಲವೇ, ಹಾಗೆ.

ಈಗಿನಂಥ ಗಾಜಿನ ತೊಟ್ಟಿ 1850ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ರೂಪ ಪಡೆಯಿತು. 1853ರಲ್ಲಿ ಲಂಡನ್ನಿನ ಮೃಗಾಲಯ ಜನರಿಗಾಗಿ ಮೀನಿನ ಮನೆ ತೆರೆಯಿತು. ಹೆಚ್ಚೂ ಕಡಿಮೆ ಅದೇ ಹೊತ್ತಿಗೆ, 1852ರಲ್ಲಿ, ಪೀಟರ್ ಬ್ಲೀಕರ್ ಎಂಬ ಡಚ್ ಸೇನೆಯ ವೈದ್ಯ ಇಂಡೋನೇಷ್ಯಾದ ಸುಮಾತ್ರಾದ ಕಿತ್ತಳೆ ಮೈಯ, ಕಪ್ಪು ಪಟ್ಟೆಯ ಲೋಚಿಗೆ ಶಾಸ್ತ್ರೀಯ ಹೆಸರು ಕೊಟ್ಟ. ಇವತ್ತು ಅಂಗಡಿಗಳಲ್ಲಿ ಕ್ಲೌನ್ ಲೋಚ್ ಅಂತ ಮಾರುವುದು ಅದನ್ನೇ.

ನಮ್ಮ ಪಟ್ಟೆ ಮೀನಿಗೆ ಹೆಸರು ಸಿಗಲು 1920 ಆಗಬೇಕಾಯಿತು. ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದ ಸಿ. ಆರ್. ನಾರಾಯಣ ರಾವ್. ಮೈಸೂರು ಸಂಸ್ಥಾನದ ಹೊಸ ಮೀನುಗಳ ಬಗ್ಗೆ ಲಂಡನ್ನಿನ ವಿಜ್ಞಾನ ಪತ್ರಿಕೆಗೆ ಲೇಖನ ಬರೆದು, ಅದರಲ್ಲಿ ಶಿವಮೊಗ್ಗ ಸೀಮೆಯ ತುಂಗಾ ನದಿಯ ಈ ಮೀನನ್ನು ‘ಬೋಟಿಯಾ ಸ್ಟ್ರೈಯಾಟಾ’ ಎಂದು ಕರೆದರು. ಸ್ಟ್ರೈಯಾಟಾ ಅಂದರೆ ಗೆರೆ ಇರುವಂಥದ್ದು, ಅಷ್ಟೇ. ರಾವ್ ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಕಪ್ಪೆಗಳ ಅಧ್ಯಯನದಲ್ಲಿ; ಪಶ್ಚಿಮ ಘಟ್ಟದ ಮರಗಪ್ಪೆಗಳ ಒಂದು ಕುಲಕ್ಕೆ ಅವರದೇ ಹೆಸರಿದೆ. 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಇಷ್ಟು ದೊಡ್ಡವರು ಹೆಸರಿಟ್ಟ ಮೀನನ್ನು ನಾವು ಫಾರಿನ್ ಅಂದುಕೊಂಡು ಕೊಂಡು ತಂದಿದ್ದೆವು.

ಈ ಮೀನು ಇರುವುದು ಕೃಷ್ಣೆಗೆ ಸೇರುವ ಹೊಳೆಗಳ ಮೇಲ್ಭಾಗದಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರದ ಘಟ್ಟದ ಬುಡದಲ್ಲಿ ಮಾತ್ರ. ಕಲ್ಲು, ಮರಳು, ತಿಳಿಯಾಗಿ ಹರಿಯುವ ನೀರು ಬೇಕು. ಶೃಂಗೇರಿಗೆ ಹೋದವರೆಲ್ಲ ತುಂಗೆಯ ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬರುತ್ತಾರೆ. ದೇವರ ಮೀನು ಅನ್ನುವ ನಂಬಿಕೆ ಅವನ್ನು ಕಾಪಾಡಿದೆ. ಕಲ್ಲಿನ ಸಂದಿಯ ಬೆರಳುದ್ದದ ಮೀನಿಗೆ ಅಂಥ ರಕ್ಷಣೆ ಇಲ್ಲ.

ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಚೀಲಕ್ಕೆ ಆಮ್ಲಜನಕ ತುಂಬಿ ಮೀನನ್ನು ವಿಮಾನದಲ್ಲಿ ಕಳಿಸುವುದು ರೂಢಿಯಾಯಿತು. ಅಲ್ಲಿಂದ ವ್ಯಾಪಾರದ ಚಹರೆಯೇ ಬದಲಾಯಿತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರವರೆಗೆ ಅಳಿವಿನ ಭೀತಿಯಲ್ಲಿರುವ 30 ಜಾತಿಯ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ಹೊರದೇಶಕ್ಕೆ ಹೋದವು. ಅದರಲ್ಲಿ ದೊಡ್ಡ ಪಾಲು ಪಡೆದ ಮೀನುಗಳ ಪೈಕಿ ನಮ್ಮ ಪಟ್ಟೆ ಲೋಚೂ ಒಂದು. ಜಾಗತಿಕ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನಂಚಿನ ಜಾತಿ ಎಂದು ಸೇರಿಸಲಾಗಿದೆ. ಮೀನು ಹಿಡಿಯುವವರ ಮೇಲಷ್ಟೇ ದೂರು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಮರಳು ತೆಗೆದ, ಅಣೆಕಟ್ಟಿನಿಂದ ನಿಂತ ನೀರಾದ ಹೊಳೆಯಲ್ಲಿ ಯಾರೂ ಹಿಡಿಯದಿದ್ದರೂ ಅದು ಬದುಕುವುದು ಕಷ್ಟ.

ಇನ್ನು ನಾವು ಮಾಡಿದ ತಪ್ಪಿನ ವಿಷಯ. ಲೋಚ್ ಗುಂಪಿನ ಮೀನು, ಐದಾರು ಜೊತೆಗಿರಬೇಕು. ನಾವು ತಂದಿದ್ದು ಎರಡು. ಕಡಿಮೆಯೆಂದರೆ ಮೂರು ಅಡಿ ಉದ್ದದ ತೊಟ್ಟಿ ಬೇಕು. ನಮ್ಮದು ಗುಂಡಗಿನ ಬೋಗುಣಿ. ನೀರು ಫಿಲ್ಟರಿನಲ್ಲಿ ವಾರಗಟ್ಟಲೆ ಓಡಿ ಹದವಾಗಿರಬೇಕು. ನಾವು ಅವತ್ತೇ ನಲ್ಲಿ ನೀರು ಹಿಡಿದು ಮೀನು ಬಿಟ್ಟೆವು. ತಳಕ್ಕೆ ಹಾಕಿದ್ದು ಚೂಪು ಜಲ್ಲಿ, ಅದರಿಂದ ಮೀಸೆ ಸವೆಯುತ್ತದೆ. ನುಣ್ಣನೆಯ ಹೊಳೆ ಮರಳು, ಅಡಗಲು ಕಲ್ಲಿನ ಸಂದಿ ಇರಬೇಕಿತ್ತು. ಬಿಳಿ ಚುಕ್ಕೆ ರೋಗ ಬಂದಾಗ ಬಾಟಲಿಯಲ್ಲಿ ಬರೆದಷ್ಟೂ ಔಷಧಿ ಸುರಿದೆವು. ಲೋಚಿನ ಹುರುಪೆ ತೀರ ಸಣ್ಣ, ಔಷಧಿ ಬೇಗ ತಾಗುತ್ತದೆ. ಅನುಭವಸ್ಥರು ಅರ್ಧ ಪ್ರಮಾಣದಿಂದ ಶುರು ಮಾಡುತ್ತಾರಂತೆ.

ಅಂಗಡಿಯಲ್ಲಿ ಆರಿಸುವವರು ಹೊಟ್ಟೆ ಒಳಗೆ ಹೋದ, ಮೀಸೆ ತುಂಡಾದ ಮೀನು ಬಿಡಿ. ಅಡ್ಡ ಮಲಗಿದ್ದರೆ ಮಾತ್ರ ಸತ್ತಿತೆಂದು ತಿಳಿಯಬೇಡಿ, ಕೆಲವು ಲೋಚ್ ನಿದ್ದೆ ಮಾಡುವುದೇ ಹಾಗೆ. ಬಲೆಯಲ್ಲಿ ಎತ್ತುವಾಗ ಜೋಪಾನ: ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಕ್ಲೌನ್ ಲೋಚ್ ಎರಡು ಇಂಚಿರುವಾಗ ಮುದ್ದಾಗಿರುತ್ತದೆ, ಆದರೆ ಅಡಿಯಷ್ಟು ಬೆಳೆಯುತ್ತದೆ, 20 ವರ್ಷ ದಾಟಿಯೂ ಬದುಕುತ್ತದೆ. ಸಾಕಲಾಗದೆ ಊರ ಕೆರೆಗೆ ಬಿಡುವುದಂತೂ ಬೇಡವೇ ಬೇಡ.

ಪಟ್ಟೆ ಲೋಚ್ ಮನೆಯ ತೊಟ್ಟಿಯಲ್ಲಿ ಮರಿ ಮಾಡುವುದು ತೀರ ಅಪರೂಪ. ಕೊಳ್ಳುವ ಮುಂಚೆ ‘ಇದು ಸಾಕಿದ್ದೋ, ಹೊಳೆಯಿಂದ ಹಿಡಿದದ್ದೋ’ ಅಂತ ಕೇಳಿ. ಮೊನ್ನೆ ಅದೇ ಅಂಗಡಿಗೆ ಹೋಗಿ ನಾನೂ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ಬಾಕ್ಸಿನಲ್ಲಿ ಬರುತ್ತೆ ಅಂದರು. ನಾರಾಯಣ ರಾವ್ ಅವರ ಕತೆ ಹೇಳಿದಾಗ ‘ಹೌದಾ, ನಮ್ಮ ಹೊಳೇದಾ?’ ಅಂತ ತೊಟ್ಟಿಯ ಹತ್ತಿರ ಬಗ್ಗಿ ನೋಡಿದರು.

ಅಕ್ಕನ ಮಗನ ತೊಟ್ಟಿಯಲ್ಲಿ ಈಗ ಗಪ್ಪಿಗಳಿವೆ. ತೊಟ್ಟಿಯಲ್ಲೇ ಮರಿ ಹಾಕುತ್ತವೆ. ಎಷ್ಟು ಅಂದರೆ ಪಕ್ಕದ ಮನೆಯವರಿಗೂ ಹಂಚಿದ್ದಾನೆ.